ಚಿತ್ರದಿಂದ ಎದ್ದು ಹೋದವರು

ಫೆಬ್ರವರಿ 2

ಗುಬ್ಬಿ,

ನಿನ್ನ ಅಪ್ಪನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೀನೇ ತೀರ್ಮಾನ ಮಾಡಬೇಕಾದ ಕಾಲ ಬಂದಿದೆ. ನಗಬೇಡ, ಪೂರ್ತಿ ಓದು.

ಹಳೆ ಪುಸ್ತಕದಂಗಡಿಯ ಬೋಳಣ್ಣನಿಗೆ ಎಲ್ಲಿಂದಲೋ ಒಂದು ಕಟ್ಟು ಬಣ್ಣದ ಕಲ್ಲಚ್ಚಿನ ಚಿತ್ರಗಳು ಸಿಕ್ಕಿವೆ. ಶನಿವಾರ ಕ್ಲಿನಿಕ್‌ಗೆ ಬೀಗ ಹಾಕಿ, ಗವುಸು ಕಳಚಿದ ಕೈಯಲ್ಲೇ ಓಡಿದೆ. ಅದರಲ್ಲಿ ನಮ್ಮ ‘ಸೇತುವೆಯ ಕಾದಾಟ’ದ ಇನ್ನೊಂದು ಪ್ರತಿ ಇತ್ತು. ಹಾಲ್‌ನಲ್ಲಿ ಸೋಫಾದ ಮೇಲೆ ತೂಗುಹಾಕಿದ್ದೇನಲ್ಲ, ಅದೇ. ಅದೇ ಹಳೆಯ ಅಚ್ಚುಮನೆ, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಒಂದರ ಮೇಲೊಂದು ಒತ್ತಿ ತೆಗೆದದ್ದು. ಬೋಳಣ್ಣನ ಪ್ರತಿಯ ಅಂಚೆಲ್ಲ ಹರಿದಿತ್ತು. ನಮ್ಮದು ಎಷ್ಟು ಚೆನ್ನಾಗಿದೆ ಎಂದು ಒಳಗೊಳಗೇ ಹಿಗ್ಗುತ್ತಾ ಭೂತಗನ್ನಡಿ ಹಿಡಿದೆ.

ಸೇತುವೆಯ ಎಡ ತುದಿಯಲ್ಲಿ ಒಬ್ಬ ಎಳೆಯ ಸಿಪಾಯಿ ಇದ್ದಾನೆ. ಕಲ್ಲುಕಟ್ಟೆಗೆ ಕೈಯೂರಿ ನಿಂತಿದ್ದಾನೆ. ತಲೆಯ ಮೇಲೆ ಟೋಪಿ ಇಲ್ಲ. ಉಳಿದವರೆಲ್ಲ ಶತ್ರುವಿನ ಕಡೆ ಬಾಯಿ ತೆರೆದು ನುಗ್ಗುತ್ತಿದ್ದರೆ ಇವನೊಬ್ಬ ಹಿಂದಿರುಗಿ ನೋಡುತ್ತಿದ್ದಾನೆ. (ಆ ತೆರೆದ ಬಾಯಿಗಳಲ್ಲಿ ಒಂದಕ್ಕಾದರೂ ಕಲಾವಿದ ನೆಟ್ಟಗೆ ಹಲ್ಲು ಬರೆದಿಲ್ಲ. ಅದು ನನ್ನ ಹಳೆಯ ಜಗಳ, ಇರಲಿ.)

ಮನೆಗೆ ಬಂದು ನೋಡಿದರೆ ನಮ್ಮ ಚಿತ್ರದಲ್ಲಿ ಅವನಿಲ್ಲ.

ಅವನಿದ್ದ ಜಾಗದಲ್ಲಿ ಕಲ್ಲುಕಟ್ಟೆ ಇದೆ, ಅದರಾಚೆ ಹೊಳೆಯ ನೀರಿದೆ. ಗೀರಿಲ್ಲ, ಕಲೆಯಿಲ್ಲ. ಇಷ್ಟು ವರ್ಷದಿಂದ ದಿನಾ ನೋಡುತ್ತಿದ್ದೇನೆ, ಅವನು ಮೊದಲಿನಿಂದಲೂ ಇರಲಿಲ್ಲವೋ, ಈಗ ಹೋದನೋ ಎಂದು ಆಣೆ ಮಾಡಿ ಹೇಳಲಾರೆ. ನಿಮ್ಮಮ್ಮನನ್ನು ಕೇಳಿದೆ. “ಯುದ್ಧದಲ್ಲಿ ಒಬ್ಬ ಕಡಿಮೆಯಾದ್ರೆ ನಿಮಗೇನು ನಷ್ಟ?” ಎಂದು ಒಳಗೆ ಹೋದಳು.

ನಿನ್ನ ತಮ್ಮನ ವಿಷಯ ಹೊಸದೇನೂ ಇಲ್ಲ. ನವೆಂಬರಿನಲ್ಲಿ ಸೇನೆಯವರು ‘ಕಾಣೆಯಾಗಿದ್ದಾನೆ’ ಎಂದು ಬರೆದರಲ್ಲ, ಅಲ್ಲಿಗೇ ನಿಂತಿದೆ. ಪ್ರತಿ ಸೋಮವಾರ ಅವರ ಕಚೇರಿಗೆ ಹೋಗುತ್ತೇನೆ. “ಹುಡುಕ್ತಾ ಇದ್ದೀವಿ ಸರ್” ಎನ್ನುತ್ತಾರೆ. ಹೇಳುವ ಹುಡುಗಿಗೆ ಒಂದು ದವಡೆ ಹಲ್ಲು ಹುಳುಕಾಗಿದೆ, ತೋರಿಸಿಕೋ ಎಂದು ಹೇಳಿ ಬಂದೆ.

ನಿನ್ನ ಅಪ್ಪ


ಫೆಬ್ರವರಿ 9

ಅಪ್ಪ,

ನಿಮ್ಮ ತಲೆ ನೆಟ್ಟಗೇ ಇದೆ. ಕನ್ನಡಕದ ವಿಷಯ ಮಾತ್ರ ಹೇಳಲಾರೆ. ಕೊನೆಯ ಸಲ ಕಣ್ಣು ತೋರಿಸಿದ್ದು ಯಾವಾಗ?

ಹಳೆಯ ಶಾಯಿ ಮಸುಕಾಗುವುದು ಉಂಟು. ಇಲ್ಲಿ ಮ್ಯೂಸಿಯಮ್ಮಿನ ರಿಪೇರಿ ಕೋಣೆಯಲ್ಲಿ ನನಗೆ ದಿನಬೆಳಗಾದರೆ ಅದೇ ಕೆಲಸ. ಬಿಸಿಲು ಬಿದ್ದರೆ ಕೆಂಪು ಮೊದಲು ಹೋಗುತ್ತದೆ, ಆಮೇಲೆ ಹಳದಿ. ಆದರೆ ಅಕ್ಕಪಕ್ಕದವರು ಹೊಳೆಯುತ್ತಾ ನಿಂತಿರುವಾಗ ಒಬ್ಬ ಇಡೀ ಮನುಷ್ಯ, ಬೂಟು ಸಮೇತ, ಮಸುಕಾಗಿ ಹೋಗುವುದಿಲ್ಲ. ಅಚ್ಚುಮನೆಯವರು ಎರಡನೆಯ ಸಲ ಒತ್ತುವಾಗ ಕಲ್ಲಿನ ಮೇಲೆ ಅವನನ್ನು ಅಳಿಸಿರಬಹುದು. ಅಂಥ ಪ್ರತಿ ನಿಮ್ಮದಾಗಿದ್ದರೆ ಬೋಳಣ್ಣನ ಮುಂದೆ ಇನ್ನೊಂದಿಷ್ಟು ಹಿಗ್ಗಬಹುದು.

ನಾನೇ ಬಂದು ನೋಡುತ್ತಿದ್ದೆ. ರೈಲುಗಳೆಲ್ಲ ಸೈನ್ಯದ ಪಾಲಾಗಿವೆ, ಫೋನ್ ಕೂಡ ಸತ್ತಿದೆ. ಔಷಧಿ ಲಾರಿ ಓಡಿಸುವ ನಿಮ್ಮ ಪೇಷಂಟು ಈ ಕಡೆ ಬರುತ್ತಿದ್ದರೆ ಅವನ ಕೈಯಲ್ಲಿ ಚಿತ್ರ ಕಳಿಸಿ. ಚೌಕಟ್ಟು ಬೇಡ, ಎರಡು ರಟ್ಟಿನ ನಡುವೆ ಇಡಿ.

ಇನ್ನೊಂದು ಮಾತು. ಆ ಚಿತ್ರಗಳನ್ನು ಇಳಿಸಿ ಒಳಗಿಡಿ ಎಂದು ನವೆಂಬರಿನಲ್ಲೇ ಹೇಳಿದ್ದೆ, ನೀವು ಕೇಳಲಿಲ್ಲ. ನಾಲ್ಕೂ ಗೋಡೆಯ ಮೇಲೆ ಫಿರಂಗಿ, ಕುದುರೆ, ಹೆಣ. ಅಮ್ಮ ಅದರ ಕೆಳಗೆ ಕೂತು ಎರಡು ಹೊತ್ತು ಊಟ ಮಾಡಬೇಕು. ನನಗೆ ಸಿಟ್ಟು ಬರುತ್ತದೆ ಅಪ್ಪ.

ನಿಮ್ಮ ಗುಬ್ಬಿ


ಫೆಬ್ರವರಿ 27

ಗುಬ್ಬಿ,

ನಿನ್ನ ಸಿಟ್ಟು ನ್ಯಾಯವಾದದ್ದೇ. ಇಳಿಸಲು ಹೋದೆ. ನಿಮ್ಮಮ್ಮನೇ ಬೇಡ ಎಂದಳು. “ಅವು ಇರ್ಲಿ, ಮುಟ್ಬೇಡಿ” ಎಂದಳು. ಇಪ್ಪತ್ತೈದು ವರ್ಷ ಆ ಚಿತ್ರಗಳನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದವಳು. ಈಗ ತಾನೇ ಇಳಿಸಿ, ಗಾಜು ಒರೆಸಿ, ತೂಗುಹಾಕುತ್ತಾಳೆ.

ಈಗ ಕೇಳು. ಇನ್ನೂ ಇಬ್ಬರಿಲ್ಲ.

‘ಹಿಮದಲ್ಲಿ ಹಿಂದಿರುಗುವ ದಳ’ ಗೊತ್ತಲ್ಲ, ಕೊನೆಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬರುವವನೊಬ್ಬನಿದ್ದ. ಅವನು ಇದ್ದ ಎಂದು ನನಗೆ ಖಾತ್ರಿ. ನಿನ್ನ ತಮ್ಮ ಚಿಕ್ಕವನಿದ್ದಾಗ ಅವನಿಗೆ ಹೆಸರಿಡಬೇಕೆಂದು ಹಟ ಮಾಡಿ, ಕೊನೆಗೆ ‘ಕುಂಟಮಾಮ’ ಎಂದು ಕರೆಯುತ್ತಿದ್ದ. ಈಗ ಅಲ್ಲಿ ಬರೀ ಹಿಮ. ‘ಕೋಟೆಗೆ ಲಗ್ಗೆ’ಯಲ್ಲಿ ಫಿರಂಗಿಯ ಗಾಲಿಗೆ ಒರಗಿ ನೀರು ಕುಡಿಯುತ್ತಿದ್ದವನು ಇಲ್ಲ. ಅಲ್ಲಿ ಹೊಗೆ ಕವಿದಿದೆ.

ಇದನ್ನು ತಮಾಷೆ ಮಾಡಿ ಬರೆಯಬೇಕೆಂದು ಕುಳಿತೆ, ಆಗುತ್ತಿಲ್ಲ. ನನಗೆ ಭಯವಾಗುತ್ತಿದೆ. ಅವರು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದಾರೆ. ಸಂಜೆ ದೀಪ ಹಾಕಿದ ಮೇಲೆ ಹಾಲ್‌ಗೆ ಹೋಗುವುದನ್ನು ಬಿಟ್ಟಿದ್ದೇನೆ. ಮೊನ್ನೆ ಮುಂಬಾಗಿಲ ಆಚೆ ಯಾರೋ ಬೂಟುಗಾಲಿನಲ್ಲಿ ನಿಂತಂತಾಯಿತು. ತೆಗೆದು ನೋಡಿದರೆ ಮೀಟರ್ ಓದುವವನು. ನಾನು ಬಗ್ಗಿ ಅವನ ಕಾಲನ್ನೇ ನೋಡತೊಡಗಿದೆ, ಅವನು “ಹುಷಾರಾಗಿದ್ದೀರಾ ಡಾಕ್ಟ್ರೇ?” ಎಂದು ಕೇಳಿದ.

ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನಲ್ಲಿ ದೋಷವಿಲ್ಲ ಎಂದರು. ಹಾಗಾದರೆ ಉಳಿದದ್ದು ತಲೆ. ಕಣ್ಣಿಗೆ ಕಂಡದ್ದನ್ನು ನಂಬಲಾಗದವನು ಇನ್ನೊಬ್ಬರ ಬಾಯಿಗೆ ಕೈ ಹಾಕಬಾರದು. ಈ ತಿಂಗಳ ಪೇಷಂಟುಗಳನ್ನು ಮುಗಿಸಿ ಕ್ಲಿನಿಕ್ ಮುಚ್ಚಿಬಿಡೋಣ ಎಂದುಕೊಂಡಿದ್ದೇನೆ.

ಸೇತುವೆಯ ಚಿತ್ರವನ್ನು ಲಾರಿಯವನ ಕೈಯಲ್ಲಿ ಕಳಿಸಿದ್ದೇನೆ. ನಿಮ್ಮಮ್ಮನಿಗೆ ಹೇಳಿಲ್ಲ, ಚೌಕಟ್ಟು ರಿಪೇರಿಗೆ ಎಂದಿದ್ದೇನೆ. ಏನಿದ್ದರೂ ಮುಚ್ಚಿಡದೆ ಬರಿ.

ಅಪ್ಪ


ಮಾರ್ಚ್ 5

ಅಮ್ಮ,

ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕೆಂದು ಲಾರಿಯವನಿಗೆ ಹೇಳಿದ್ದೇನೆ. ಅಪ್ಪನಿಗೆ ತೋರಿಸಬೇಡ.

ಚಿತ್ರ ನನ್ನ ಮೇಜಿನ ಮೇಲಿದೆ. ದೀಪವನ್ನು ಒಂದು ಮಗ್ಗುಲಿಗೆ ಓರೆಯಾಗಿ ಹಿಡಿದ ಕೂಡಲೇ ಗೊತ್ತಾಯಿತು. ಹಳೆಯ ಶಾಯಿಯ ಮೇಲೆ ನೀರುಬಣ್ಣ ಕೂತಿದೆ. ಬಳಿದದ್ದಲ್ಲ, ಕೂದಲೆಳೆಯ ಕುಂಚದಿಂದ ಚುಕ್ಕಿ ಚುಕ್ಕಿಯಾಗಿ ಇಟ್ಟದ್ದು. ಇಂಥ ಚುಕ್ಕಿಗಳನ್ನು ನಾನು ಎಳವೆಯಿಂದ ನೋಡಿದ್ದೇನೆ. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನೀನು ರೀಟಚಿಂಗ್ ಮಾಡುತ್ತಿದ್ದಾಗ ನಿನ್ನ ಕಾಲ ಬುಡದಲ್ಲಿ ಕೂತು ಹೋಂವರ್ಕ್ ಮಾಡಿದವಳು ನಾನು. ಮದುಮಗಳ ಮೊಡವೆ ತೆಗೆಯುತ್ತಿದ್ದೆ, ಜಗಳವಾಡಿ ಬೇರೆಯಾದ ಅಣ್ಣನನ್ನು ಮನೆಯವರ ಗುಂಪಿನಿಂದ ತೆಗೆಯುತ್ತಿದ್ದೆ. ಅವನಿದ್ದ ಕಡೆ ಪರದೆ ಬರುತ್ತಿತ್ತು, ಇಲ್ಲದಿದ್ದರೆ ಹೂಕುಂಡ ಬರುತ್ತಿತ್ತು. ನಿನ್ನ ಕೈ ನನಗೆ ಗೊತ್ತಾಗುವುದಿಲ್ಲವಾ ಅಮ್ಮ?

ಯಾಕೆ ಮಾಡಿದೆ ಎಂದು ಕೇಳಲು ಧೈರ್ಯ ಸಾಲದು. ಆದರೆ ಅಪ್ಪ ತಮಗೆ ಬುದ್ಧಿಭ್ರಮಣೆ ಎಂದುಕೊಂಡಿದ್ದಾರೆ. ಕ್ಲಿನಿಕ್ ಮುಚ್ಚುತ್ತಾರಂತೆ. ಅವರಿಗೆ ಆ ಕುರ್ಚಿ, ಆ ಡ್ರಿಲ್ಲು, ಬಾಯಿ ತೆರೆದವರ ಜೊತೆ ಒಬ್ಬರೇ ಮಾತಾಡುವ ಸುಖ ಇಲ್ಲದಿದ್ದರೆ ಏನಾಗುತ್ತಾರೆ, ನಿನಗೇ ಗೊತ್ತು. ಒಬ್ಬನಿಗೋಸ್ಕರ ಕಾಯುತ್ತಾ ಇನ್ನೊಬ್ಬರನ್ನೂ ಕಳೆದುಕೊಳ್ಳುವುದು ಬೇಡ.

ನಾನು ಒಂದು ತೀರ್ಮಾನ ಮಾಡಿದ್ದೇನೆ. ಕೆಳಗಿನದು ಎಣ್ಣೆಯ ಶಾಯಿ, ನೀರಿಗೆ ಅದು ಜಗ್ಗುವುದಿಲ್ಲ. ಹತ್ತಿಯ ಉಂಡೆಯನ್ನು ತುಸು ಒದ್ದೆ ಮಾಡಿ ಉರುಳಿಸಿದರೆ ನಿನ್ನ ಬಣ್ಣ ಮಾತ್ರ ಎದ್ದು ಬರುತ್ತದೆ. ಒಂದು ಬೆಳಗಿನ ಕೆಲಸ. ಹದಿನಾಲ್ಕನೇ ತಾರೀಖು ಗುರುವಾರ ನಮ್ಮ ಮುಖ್ಯಸ್ಥೆ ರಜೆ, ಕೋಣೆ ನನ್ನದೇ. ಅವತ್ತು ತೊಳೆಯುತ್ತೇನೆ. ಸಿಪಾಯಿ ಮತ್ತೆ ಕಾಣಿಸುತ್ತಾನೆ. ತೇವಕ್ಕೆ ಬೂಸ್ಟು ಕಟ್ಟಿ ಹಾಗಾಗಿತ್ತು, ಉಳಿದವಕ್ಕೂ ಅದೇ ಆಗಿದೆ ಎಂದು ಅಪ್ಪನಿಗೆ ಬರೆಯುತ್ತೇನೆ. ತಿಂಗಳ ಕೊನೆಗೆ ಲಾರಿಯವನು ಬಂದಾಗ ಚಿತ್ರ ವಾಪಸು ಬರುತ್ತದೆ. ನೀನೂ ಇಲ್ಲಿಗೆ ನಿಲ್ಲಿಸಿಬಿಡು.

ಗುಬ್ಬಿ


ಮಾರ್ಚ್ 15

ಗುಬ್ಬಿ,

ನಿನ್ನ ಉದ್ದನೆಯ ಕಾಗದ ನಿನ್ನೆ ಸಂಜೆ ಕೈಗೆ ಬಂತು. ಅರ್ಧ ಬುದ್ಧಿವಾದ, ಅರ್ಧ ಬಣ್ಣದ ಪಾಠ. ಎರಡೂ ನಾನು ನಿನಗೆ ಕಲಿಸಿದ್ದೇ.

ಯಾಕೆ ಎಂದು ನೀನು ಕೇಳದಿದ್ದರೂ ಹೇಳುತ್ತೇನೆ. ನವೆಂಬರಿನಲ್ಲಿ ಆ ಕಾಗದ ಬಂದ ದಿನ ನಿಮ್ಮಪ್ಪ ಕಚೇರಿಗೆ ಓಡಿದರು. ನಾನು ಹಾಲ್‌ನಲ್ಲಿ ಒಬ್ಬಳೇ ಕೂತಿದ್ದೆ. ಎದುರಿಗೆ ಸೇತುವೆಯ ಮೇಲೆ ಆ ಮಗು ಹಿಂದಿರುಗಿ ನೋಡುತ್ತಾ ನಿಂತಿತ್ತು. ಅವನಿಗೆ ಮುಂದೆ ಹೋಗಲು ಮನಸ್ಸಿಲ್ಲ. ನೂರು ವರ್ಷದಿಂದ ಅವನನ್ನು ಅಲ್ಲೇ ನಿಲ್ಲಿಸಿದ್ದಾರೆ, ಅವನನ್ನು ಮನೆಗೆ ಕಳಿಸುವವರು ಒಬ್ಬರೂ ಇಲ್ಲ. ಚೌಕಟ್ಟು ಬಿಚ್ಚಿ, ಹಳೆಯ ಬಣ್ಣದ ಪೆಟ್ಟಿಗೆ ತೆಗೆದೆ.

ನಾನು ಯಾರನ್ನೂ ಅಳಿಸಿಲ್ಲ, ಕಳಿಸಿದ್ದೇನೆ. ಸತ್ತುಬಿದ್ದವರನ್ನು ಮುಟ್ಟುವುದಿಲ್ಲ, ಅವರಿಗೆ ನನ್ನಿಂದ ಏನೂ ಮಾಡಲಾಗದು. ನಡೆಯಬಲ್ಲವರಲ್ಲಿ ಯಾರಿಗೆ ಸಾಕಾಗಿದೆ ಎಂದು ಮುಖ ನೋಡಿದರೆ ತಿಳಿಯುತ್ತದೆ. ಅಂಥವನನ್ನು ಹಿಮವಿದ್ದರೆ ಹಿಮದ ಮರೆಯಲ್ಲಿ, ಹೊಗೆಯಿದ್ದರೆ ಹೊಗೆಯ ಮರೆಯಲ್ಲಿ ದಾಟಿಸಿಬಿಡುತ್ತೇನೆ. ನಾನು ಯಾರೋ ಹೆತ್ತ ಮಕ್ಕಳನ್ನು ಕಳಿಸಿದರೆ, ಎಲ್ಲೋ ಯಾರೋ ಒಬ್ಬಳು ನನ್ನವನನ್ನು ಸೆರಗಿನಲ್ಲಿ ಮುಚ್ಚಿ ಕಾಪಾಡುತ್ತಾಳೆ. ಇದು ಹುಚ್ಚು ಎಂದು ನನಗೂ ಗೊತ್ತು. ಗೊತ್ತಿದ್ದೂ ಮಾಡುವವಳಿಗೆ ನೀನು ಏನು ಹೇಳುತ್ತೀಯ?

ನಿಮ್ಮಪ್ಪನಿಗೆ ಇವತ್ತೇ ನಾನೇ ಹೇಳುತ್ತೇನೆ. ಅವರು ಇಷ್ಟು ಹೆದರಿದ್ದಾರೆಂದು ನನಗೆ ತಿಳಿದಿರಲಿಲ್ಲ. ತಮ್ಮ ಪಾಡಿಗೆ ತಮಾಷೆ ಮಾಡಿಕೊಂಡಿದ್ದರು, ನಾನು ನನ್ನ ಪಾಡಿಗೆ ಇದ್ದೆ. ಅದು ನನ್ನ ತಪ್ಪು.

ಹಿಮದವನನ್ನು ಬೇಕಾದರೆ ತೊಳಿ, ಕೋಟೆಯವನನ್ನೂ ತೊಳಿ. ಸೇತುವೆಯವನನ್ನು ಮಾತ್ರ ಮುಟ್ಟಬೇಡ. ಅವನು ಮೊದಲನೆಯವನು. ಅವನನ್ನು ಕಳಿಸಿದ ರಾತ್ರಿಯೇ ನನಗೆ ನಿದ್ದೆ ಬಂದದ್ದು. ನೀನು ಗುರುವಾರ ಎಂದು ಬರೆದಿದ್ದೀಯ, ನಿನ್ನೆಯೇ ಗುರುವಾರ ಆಗಿಹೋಯಿತು. ಏನಾದರೂ ಅಡ್ಡಿ ಬಂದು ನೀನು ಮಾಡಿರುವುದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಕೂಡಲೇ ಉತ್ತರ ಕೊಡು.

ಅಮ್ಮ


ಮಾರ್ಚ್ 29

ಗುಬ್ಬಿ ಮರಿ,

ಇದನ್ನು ಓದುವ ಮೊದಲು ಕೂತುಕೋ. ಪಕ್ಕದಲ್ಲಿ ಯಾರಾದರೂ ಇದ್ದರೆ ಕರೆದುಕೋ.

ನಿನ್ನ ತಮ್ಮ ಇನ್ನು ಬರುವುದಿಲ್ಲ.

ಮಂಗಳವಾರ ಸೇನೆಯಿಂದ ಇಬ್ಬರು ಬಂದರು. ನಾನು ಒಬ್ಬರ ಹಲ್ಲು ತುಂಬುತ್ತಿದ್ದೆ. ಎದುರುಮನೆಯಾಕೆ ಓಡಿ ಬಂದು ಬಾಗಿಲಲ್ಲಿ ನಿಂತಳು, ಅವಳ ಮುಖ ನೋಡಿದರೆ ಸಾಕಿತ್ತು. ಆದರೂ ಆ ಹಲ್ಲನ್ನು ಮುಗಿಸಿಯೇ ಎದ್ದೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ತಿಳಿಯುತ್ತಿಲ್ಲ. ಅದನ್ನು ಮುಗಿಸುವವರೆಗೆ ಅವನು ಇರುತ್ತಾನೆ ಅನ್ನಿಸಿರಬೇಕು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ನವೆಂಬರಿನಿಂದಲೂ ಅವನು ಬದುಕಿದ್ದ. ಕಾಲಿಗೆ ಗುಂಡು ತಗುಲಿ ದಳದಿಂದ ತಪ್ಪಿಹೋಗಿದ್ದ. ಗಡಿಯ ಆ ಕಡೆ ಒಬ್ಬ ಮುದುಕಿ ತನ್ನ ಮನೆಯ ಅಟ್ಟದ ಮೇಲೆ ಅವನನ್ನು ಬಚ್ಚಿಟ್ಟು, ಕಾಲಿಗೆ ಪಟ್ಟಿ ಕಟ್ಟಿ, ಇಷ್ಟು ತಿಂಗಳು ಸಾಕಿದ್ದಾಳೆ. ಕೇಳಿದವರಿಗೆಲ್ಲ ಮನೆಯಲ್ಲಿ ಯಾರೂ ಇಲ್ಲ ಎಂದಿದ್ದಾಳೆ. ಕಾಲು ವಾಸಿಯಾದ ಮೇಲೆ ಅವನು ಹೊರಟಿದ್ದಾನೆ. ಗಡಿಯವರೆಗೆ ದಾರಿ ತೋರಿಸಿದವನೊಬ್ಬ ಇದನ್ನೆಲ್ಲ ನಮ್ಮವರಿಗೆ ತಿಳಿಸಿದನಂತೆ. ನಮ್ಮವರ ಕಾವಲು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿದ್ದನಂತೆ. ಬಯಲಿನಲ್ಲಿ ನೆಲಬಾಂಬು ಹೂತಿಟ್ಟಿದ್ದರು. ಈ ತಿಂಗಳ ಹದಿನಾಲ್ಕು, ಗುರುವಾರ ಬೆಳಿಗ್ಗೆ. ಅಲ್ಲಿಯೇ ಮಣ್ಣು ಮಾಡಿದ್ದಾರೆ.

ನಿಮ್ಮಮ್ಮ ಅಳಲಿಲ್ಲ. ಮುದುಕಿಯ ವಿಷಯ ಬಂದಾಗ ತಲೆಯಾಡಿಸಿದಳು, ಮೊದಲೇ ಗೊತ್ತಿದ್ದವಳ ಹಾಗೆ. ಆಮೇಲೆ “ಯಾವ ತಾರೀಖು ಅಂದ್ರಿ?” ಎಂದು ಇನ್ನೊಮ್ಮೆ ಕೇಳಿದಳು. ಅವರು ಹೇಳಿದರು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಚಿತ್ರಗಳ ವಿಷಯ ಅವಳು ನನಗೆ ಮೊದಲೇ ಹೇಳಿದ್ದಳು. ನಾನು ಬೈಯಲಿಲ್ಲ. ನನ್ನ ತಲೆ ಸರಿಯಿದೆಯೆಂದು ತಿಳಿದು ಅವಳ ಮುಂದೆಯೇ ನಕ್ಕುಬಿಟ್ಟಿದ್ದೆ. ಈಗ ಉಳಿದ ಚಿತ್ರಗಳನ್ನೆಲ್ಲ ಗೋಡೆಯಿಂದ ಇಳಿಸಿ, ಚೌಕಟ್ಟು ಬಿಚ್ಚಿ, ಅವಳ ಮೇಜಿನ ಮೇಲೆ ತಂದಿಟ್ಟಿದ್ದೇನೆ. ಯಾರು ಬೇಕೋ ಅವರನ್ನು ಕಳಿಸು, ಇಡೀ ಸೈನ್ಯವನ್ನೇ ಕಳಿಸು ಎಂದೆ. ಅವಳು ಕುಂಚ ಮುಟ್ಟುತ್ತಿಲ್ಲ. “ಇನ್ನು ಯಾರಿಗೋಸ್ಕರ?” ಎನ್ನುತ್ತಾಳೆ.

ಅವಳಿಗೆ ಬೇಕಾಗಿರುವುದು ಒಂದೇ. ಸೇತುವೆಯ ಸಿಪಾಯಿ ತಾನು ಮಾಡಿದ ಹಾಗೇ ಇದ್ದಾನೋ ಇಲ್ಲವೋ ಎಂದು ನಿನ್ನನ್ನು ಕೇಳಬೇಕಂತೆ. ದಿನಕ್ಕೆ ಎರಡು ಸಲ ಕೇಳುತ್ತಾಳೆ. ಅವಳ ಕಾಗದಕ್ಕೆ ನಿನ್ನ ಉತ್ತರ ಬಂದಿಲ್ಲವಂತೆ. ಇದರಲ್ಲಿ ಏನಿದೆಯೋ ನನಗೆ ತಿಳಿಯದು. ಅವಳಿಗೆ ಬರಿ, ಮರಿ. ದಾರಿ ತೆರೆದ ಕೂಡಲೇ ಬಾ.

ಅಪ್ಪ


ಏಪ್ರಿಲ್ 6

ಅಮ್ಮ,

ಏನು ಬರೆಯಲಿ. ನಾಲ್ಕು ದಿನದಿಂದ ಬರೆದು ಹರಿಯುತ್ತಿದ್ದೇನೆ. ಅವನ ದನಿ ಕಿವಿಯಲ್ಲೇ ಇದೆ.

ನೀನು ಕೇಳಿದ್ದಕ್ಕೆ ಉತ್ತರ: ನಿನ್ನ ಕಾಗದ ಸಮಯಕ್ಕೆ ಸರಿಯಾಗಿ ಬಂತು. ಆ ಗುರುವಾರ ಬೇರೆ ಕೆಲಸ ಮೇಲೆ ಬಿದ್ದು ಚಿತ್ರವನ್ನು ಹೊರಗೆ ತೆಗೆಯಲೇ ಇಲ್ಲ. ನೀನು ಕಳಿಸಿದವನು ಹೋದ ಹಾಗೇ ಹೋಗಿದ್ದಾನೆ. ನೀನು ಹೇಗೆ ಮಾಡಿದ್ದೆಯೋ ಹಾಗೇ ಇದೆ.

ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನೇ ನೋಡು. ನೋಡಿ ಸ್ವಲ್ಪ ಮಲಗು ಅಮ್ಮ.

ಗುಬ್ಬಿ


ಏಪ್ರಿಲ್ 17

ಗುಬ್ಬಿ,

ಚಿತ್ರ ಬಂತು. ನಿಮ್ಮಪ್ಪ ಕ್ಲಿನಿಕ್‌ಗೆ ಹೋದ ಮೇಲೆ ಕಿಟಕಿಯ ಹತ್ತಿರ ಇಟ್ಟುಕೊಂಡು ನೋಡಿದೆ.

ನೀರು ಚೆನ್ನಾಗಿದೆ. ಕಲ್ಲುಕಟ್ಟೆ ನನಗಿಂತ ಚೆನ್ನಾಗಿ ಬಂದಿದೆ, ಕಲ್ಲಿನ ಸಂದಿಯಲ್ಲಿ ಪಾಚಿ ಕೂಡ ಇಟ್ಟಿದ್ದೀಯ. ನಾನು ಪಾಚಿ ಇಟ್ಟಿರಲಿಲ್ಲ. ಅದು ನನ್ನ ಕೈಯಲ್ಲ. ನೀನು ಅವನನ್ನು ತೊಳೆದು ವಾಪಸು ತಂದೆ, ಆಮೇಲೆ ಮತ್ತೆ ಮುಚ್ಚಿದೆ. ಎಷ್ಟು ರಾತ್ರಿ ಕೂತು ಮಾಡಿದೆಯೋ, ಊಟ ಮಾಡಿದ್ದೆಯೋ ಇಲ್ಲವೋ ಎಂದು ಯೋಚನೆಯಾಯಿತು.

ನೀನು ತೊಳೆದದ್ದಕ್ಕೆ ನಿನ್ನ ತಮ್ಮ ಹೋಗಲಿಲ್ಲ. ಇದನ್ನು ಹೇಳುವಷ್ಟು ಬುದ್ಧಿ ನನಗಿದೆ. ನಂಬುವಷ್ಟು ಇನ್ನೂ ಬಂದಿಲ್ಲ. ಬರುತ್ತದೆ, ನನಗೆ ಸ್ವಲ್ಪ ಸಮಯ ಕೊಡು. ನೀನು ಮಾತ್ರ ಅದನ್ನು ಎದೆಯಲ್ಲಿಟ್ಟುಕೊಂಡು ತಿರುಗಬೇಡ. ಒಬ್ಬ ಮಗನನ್ನು ಕಳೆದುಕೊಂಡಿದ್ದೇನೆ, ಮಗಳನ್ನೂ ಕಳೆದುಕೊಳ್ಳುವಷ್ಟು ಶಕ್ತಿ ನನ್ನಲ್ಲಿಲ್ಲ. ಗುರುವಾರ ಎಂದು ಬರೆದಿದ್ದ ನಿನ್ನ ಆ ಕಾಗದವನ್ನು ಒಲೆಗೆ ಹಾಕಿದ್ದೇನೆ. ನಿಮ್ಮಪ್ಪನ ಕಣ್ಣಿಗೆ ಅದು ಬೀಳಬಾರದು. ಅವರಿಗೆ ನೀನೂ ಹೇಳಬೇಡ.

ಮುಂದಿನ ವಾರದಿಂದ ಒಂದೋ ಎರಡೋ ರೈಲು ಬಿಡುತ್ತಾರಂತೆ. ನಿಂತುಕೊಂಡಾದರೂ ಸರಿ, ಹೊರಟು ಬಾ.

ಚಿತ್ರವನ್ನು ಮತ್ತೆ ಅದೇ ಜಾಗದಲ್ಲಿ ತೂಗುಹಾಕಿದ್ದೇನೆ. ನಿನಗೆ ಒಂದು ಮಾತು ಹೇಳಬೇಕು. ಸ್ಟುಡಿಯೋಗೆ ಹೊಸದಾಗಿ ಬಂದವರೆಲ್ಲ ಮಾಡುತ್ತಿದ್ದ ತಪ್ಪನ್ನೇ ನೀನೂ ಮಾಡಿದ್ದೀಯ. ಮನುಷ್ಯನನ್ನು ತೆಗೆಯುವ ಮೊದಲು ಅವನ ನೆರಳನ್ನು ತೆಗೆಯಬೇಕು. ನೀನು ಅವನನ್ನು ಪೂರ್ತಿ ತೆಗೆದಿದ್ದೀಯ, ನೆರಳನ್ನು ಮರೆತಿದ್ದೀಯ. ಸೇತುವೆಯ ಕಲ್ಲುಹಾಸಿನ ಮೇಲೆ ಅದು ಹಾಗೇ ಬಿದ್ದಿದೆ, ಯಾರೂ ಇಲ್ಲದ ಕಡೆ, ನಮ್ಮ ಕಡೆಗೆ ಚಾಚಿಕೊಂಡು.

ತಿದ್ದೋಣವೆಂದು ಕುಂಚ ಒದ್ದೆ ಮಾಡಿಕೊಂಡೆ. ಆಮೇಲೆ ಇಟ್ಟುಬಿಟ್ಟೆ. ಅದಾದರೂ ಮನೆಯಲ್ಲಿ ಇರಲಿ.

ಅಮ್ಮ